ವಸ್ತಿ ಬಸ್ಸು ಕಾಯುತ್ತಿತ್ತು

"ಬಸ್ಸು ಯಾರಿಗೂ ಕಾಯುವುದಿಲ್ಲ" ಎಂದು ರೋಣದಲ್ಲಿ, ನರಗುಂದದಲ್ಲಿ, ಕರೆದ ಶಾಲೆಯಲ್ಲೆಲ್ಲ ಮೈಕು ಹಿಡಿದು ನಾನು ಹೇಳಿದ್ದು ಸುಳ್ಳು. ಅವತ್ತು ನಮ್ಮೂರು ಸೂಡಿಯಲ್ಲಿ ಬಸ್ಸು ಕಾಯುತ್ತಿತ್ತು. ಹೊರಡಿಸಿದವನು ನಾನು.

ನಮ್ಮೂರ ವಸ್ತಿ ಬಸ್ಸನ್ನು ಬಲ್ಲವರಿಗೆ ನನ್ನ ಸುಳ್ಳು ಆಗಲೇ ತಿಳಿಯಬೇಕಿತ್ತು. ರಾತ್ರಿ ಊರಲ್ಲೇ ತಂಗಿ ನಸುಕಿನಲ್ಲಿ ಹೊರಡುವ ಬಸ್ಸದು. ಯಾವ ಮನೆಯ ಮುದುಕಿ ಇನ್ನೂ ಸೀರೆ ಸುತ್ತುತ್ತಿದ್ದಾಳೆ, ಯಾರು ಚಹಾ ಕುಡಿಯುತ್ತಿದ್ದಾರೆ ಎಂಬುದೆಲ್ಲ ಕಂಡಕ್ಟರಿಗೆ ಗೊತ್ತು. ಎಲ್ಲರೂ ಬರುವತನಕ ಸೀಟಿ ಊದುತ್ತಿರಲಿಲ್ಲ. ಆದರೂ ನನ್ನ ಭಾಷಣಕ್ಕೆ ಊರವರೇ ತಲೆದೂಗಿದರು. ಯಶಸ್ಸಿನ ಮಾತೆಂದರೆ ಜನ ಕಣ್ಣಾರೆ ಕಂಡದ್ದನ್ನೂ ಮರೆಯುತ್ತಾರೆ — ಥೂ, ಅವರನ್ನೇಕೆ ಬೈಯಲಿ, ಮರೆಸಿದವನು ನಾನಲ್ಲವೇ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಗದಗಿನಲ್ಲಿ ಶಿಕ್ಷಕರ ನೇಮಕದ ಪರೀಕ್ಷೆ. ನಾನು, ಗೆಳೆಯ ಮೌಲಾಸಾಬ ಒಟ್ಟಿಗೆ ಓದಿದವರು — ಓದಿದವನು ಅವನು, ಪಕ್ಕದಲ್ಲಿ ಕೂತವನು ನಾನು ಎಂದರೆ ಸರಿ. ಆ ನಸುಕಿನಲ್ಲಿ ಕದ ಬಡಿದು ನನ್ನನ್ನು ಎಬ್ಬಿಸಿದವನೂ ಅವನೇ.

"ಲೇ ಸಂಗಪ್ಪ, ಏಳೋ! ನೀ ಹೋಗಿ ಬಸ್ ಹಿಡದಿರು. ನಮಾಜ್ ಮುಗಿಸಿ ಲಗೂನ ಬಂದ್ಬಿಡ್ತೀನಿ."

ಬಸ್ ಹಿಡದಿರು — ನಮ್ಮಲ್ಲಿ ಯಾರು ಯಾರಿಗೆ ಬೇಕಾದರೂ ಹೇಳುವ ಮಾತು. "ಬರಾಕತ್ತಾನ್ರಿ" ಎಂದರೆ ಸಾಕು, ಬಸ್ಸು ನಿಲ್ಲುತ್ತದೆ.

"ಇನ್ನ ಯಾರರ ಬರೋರದಾರೇನ್ರಿ?" ಕಂಡಕ್ಟರ್ ನನ್ನನ್ನೇ ಕೇಳಿದ.

"ಯಾರೂ ಇಲ್ರಿ. ಬಿಡ್ರಿ."

ಅಷ್ಟೇ. ಮೌಲಾಸಾಬ ನನಗಿಂತ ಜಾಣ, ನನಗೆ ಹೊಟ್ಟೆಕಿಚ್ಚು. ಇದಕ್ಕಿಂತ ಮರ್ಯಾದೆಯ ಕಾರಣವೊಂದನ್ನು ಬಹಳ ಹುಡುಕಿದೆ — ಸಿಗಲಿಲ್ಲ. ಹೊತ್ತಿಗೆ ಮುಟ್ಟಿಸುವ ಬೇರೆ ಬಸ್ಸಿರಲಿಲ್ಲ, ಅವನಿಗೆ ಪರೀಕ್ಷೆ ತಪ್ಪಿತು. ಎಷ್ಟು ಹೇಳಿದರೂ ಕಂಡಕ್ಟರ್ ಕೇಳಲಿಲ್ಲವೆಂದು ಸಂಜೆ ಅವನಿಗೆ ಹೇಳಿದೆ. ನಂಬಿದ.

ನಾನು ಮಾಸ್ತರನಾದೆ. ಅವನು ಗಜೇಂದ್ರಗಡದ ಗಾದಿ ಅಂಗಡಿಯಲ್ಲಿ ಹತ್ತಿ ತುಂಬುವ ಕೆಲಸಕ್ಕೆ ಸೇರಿದ. "ಕೈ ಕೆಸರಾದರೆ ಬಾಯಿ ಮೊಸರು" ಎಂದು ಮಕ್ಕಳಿಂದ ಬರೆಸುತ್ತಿದ್ದೆ. ಕೆಸರು ಅವನ ಕೈಗೆ, ಮೊಸರು ನನ್ನ ಬಾಯಿಗೆ. ಬರಬರುತ್ತ ಭಾಷಣಕಾರನೂ ಆದೆ. ಹಾರ, ತುರಾಯಿ, ಯಶಸ್ಸಿನ ಗುಟ್ಟು! ಗಜೇಂದ್ರಗಡದ ಒಂದು ಶಾಲೆಯ ಗ್ಯಾದರಿಂಗಿನಲ್ಲಿ ನಗಿಸುವ ಹುಕಿಗೆ ಹೇಳಿಬಿಟ್ಟೆ: "ಸೂಡ್ಯಾಗ ನನ್ನ ಗೆಳೆಯಾ ಒಬ್ಬ ಪರೀಕ್ಷಾ ದಿನ ಮಲಗಿಬಿಟ್ಟ. ಈಗ ಮಲಗೋ ಮಂದಿಗೆ ಗಾದಿ ಹೊಲಿಯಾಕತ್ತಾನ!"

ಚಪ್ಪಾಳೆಯೋ ಚಪ್ಪಾಳೆ. ಅವನ ಮಗಳು ಮಮತಾಜ ಮುಂದಿನ ಸಾಲಿನಲ್ಲೇ ಕೂತಿದ್ದಳು. ನನಗೆ ಗೊತ್ತಿರಲಿಲ್ಲ — ಗೊತ್ತಿದ್ದರೆ ಹೇಳದೆ ಬಿಡುತ್ತಿದ್ದೆನೇ?

ವಾರದೊಳಗೆ ಮೌಲಾಸಾಬ ಮನೆಗೆ ಬಂದ. ಜಗಳವಾಡಲಿಲ್ಲ. "ಮಾಸ್ತರ, ಹುಡುಗಿ ನನ್ನ ಮಾತು ನಂಬವಲ್ಲಳು. ಅಪ್ಪ ಮಲಗಿದ್ದಿಲ್ಲ ಅಂತ ನೀ ಒಂದ್ ಮಾತ ಹೇಳು, ಸಾಕು."

"ಸಣ್ಣ ಹುಡುಗಿ, ಮರೀತಾಳ ತಗೋ" ಎಂದೆ.

ಮರೆಯಲಿಲ್ಲ. ಮರುವರ್ಷ ಅದೇ ಶಾಲೆಯ ಭಾಷಣ ಸ್ಪರ್ಧೆಗೆ ನಾನು ನಿರ್ಣಾಯಕ. ಮಮತಾಜ ನನ್ನದೇ ಧಾಟಿಯಲ್ಲಿ ಕೈಯೆತ್ತಿ, "ನಾನು ನಮ್ಮ ಅಪ್ಪನಂತೆ ಮಲಗುವುದಿಲ್ಲ" ಎಂದಳು. ಹಿಂದೆ ನಿಂತಿದ್ದ ಮೌಲಾಸಾಬ ನನ್ನನ್ನೇ ನೋಡಿದ. ಏಳಬಹುದಿತ್ತು. ಒಂದೇ ಮಾತು — ಹೇಳಲಿಲ್ಲ. ಅವಳಿಗೆ ಮೊದಲ ಬಹುಮಾನ ಕೊಟ್ಟೆ. ನನ್ನಂಥ ನೀಚನ ಕೈಯಿಂದ ಅದನ್ನು ತೆಗೆದುಕೊಂಡು ಅವಳು ನನ್ನ ಕಾಲು ಮುಟ್ಟಿದಳು.

ಮಮತಾಜ, ಈಗ ನೀನು ದೊಡ್ಡವಳು. ಅವತ್ತು ನಿಮ್ಮಪ್ಪ ಊರಿಗಿಂತ ಮೊದಲು ಎದ್ದಿದ್ದ. ಇದನ್ನು ಬರೆದ ಮಾತ್ರಕ್ಕೆ ನನ್ನ ಕೆಲಸ ಮುಗಿಯಲಿಲ್ಲ. ಆ ಶಾಲೆಯವರು ಈ ಸಲ ನನಗೆ ಸನ್ಮಾನ ಇಟ್ಟಿದ್ದಾರೆ. ನೀವಿಬ್ಬರೂ ಬನ್ನಿ. ಅವರು ಶಾಲು ಹೊದಿಸುವ ಮೊದಲೇ ಹೇಳುತ್ತೇನೆ.