ಮೌಶಿಯ ದನಿ

ಹೋದ ವಾರ ಮೊಮ್ಮಗಳ ಶಾಲೆಯ ವಾರ್ಷಿಕ ಗ್ಯಾದರಿಂಗಿಗೆ ಹೋಗಿದ್ದೆ. ಮಕ್ಕಳಿಗೆ ಬಣ್ಣ ಹಚ್ಚುವ ಮುದುಕನೊಬ್ಬ ಅಂಗೈಯಲ್ಲಿ ಸಫೇತದ ಬಿಳಿ ಪುಡಿಗೆ ಕೊಬ್ಬರಿ ಎಣ್ಣೆ ಹಾಕಿ ಕಲೆಸುತ್ತಿದ್ದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ನಿಂತಲ್ಲೇ ನಿಂತುಬಿಟ್ಟೆ. "ಅಜ್ಜಿ, ಸರೀರಿ, ನಮ್ಮ ಪಾಳಿ ಐತಿ" ಎಂದು ಯಾವುದೋ ಪೋರಿ ನನ್ನನ್ನು ಬದಿಗೆ ಸರಿಸಿತು. ಸಿಂದಗಿ ಬಿಟ್ಟ ಮೇಲೆ ಆ ವಾಸನೆ ನನಗೆ ಮತ್ತೆ ಸಿಕ್ಕಿರಲಿಲ್ಲ... ಅದು ಮೌಶಿಯ ಕೋಣೆಯ ವಾಸನೆ.

ಆಗ ನನಗೆ ಸಿಂದಗಿಯಲ್ಲಿ ಹೊಸದಾಗಿ ಶಿಕ್ಷಕಿಯ ನೌಕರಿ. ಹತ್ತಾರು ಸಂಸಾರಗಳಿದ್ದ ಹಳೆಯ ವಾಡೆಯೊಂದರಲ್ಲಿ ಕೋಣೆ ಹಿಡಿದಿದ್ದೆ. ಗೋಡೆಯಾಚೆ ಇರುವವರು ನಾಟಕದಲ್ಲಿ ಪಾರ್ಟು ಮಾಡುವ ಹೆಣ್ಣುಮಗಳು ಎಂದು ಗೊತ್ತಾಗಿ ನಮ್ಮ ಅಪ್ಪ ಕೆಂಡಾಮಂಡಲವಾದರು. ಮಡಿ, ಏಕಾದಶಿ ಎನ್ನುವ ಮನೆತನ ನಮ್ಮದು. ನಾನೂ ಅವರ ಮಗಳೇ, ಕೋಣೆ ಬಿಡಲಿಲ್ಲ. ಕೆಲವೇ ದಿನಗಳಲ್ಲಿ, ನಮ್ಮ ಮನೆಯಲ್ಲಿ ಅವ್ವನ ತಂಗಿಯನ್ನು ಕರೆಯುವಂತೆ ಆಕೆಯನ್ನು ಮೌಶಿ ಎನ್ನತೊಡಗಿದೆ. ಅವರು ನನ್ನನ್ನು ಶಾಲೆಯ ಹುಡುಗರಂತೆ ಅಕ್ಕೋರ ಎನ್ನುತ್ತಿದ್ದರು.

ನಮ್ಮ ಕಡೆಯ ಹಳ್ಳಿ ನಾಟಕದ ಪದ್ಧತಿಯೇ ಬೇರೆ. ಊರ ಗಂಡಸರು ತಿಂಗಳುಗಟ್ಟಲೆ ತಾಲೀಮು ಮಾಡುತ್ತಾರೆ. ಹೆಣ್ಣು ಪಾತ್ರಕ್ಕೆ ಮಾತ್ರ ಹೊರಗಿನಿಂದ ಕಲಾವಿದೆ ಬರಬೇಕು, ಅದೂ ನಾಟಕದ ದಿನವೇ, ಮಧ್ಯಾಹ್ನದ ಬಸ್ಸಿಗೆ. ಮೌಶಿ ಬಸ್ಸಿಳಿದವರೇ ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರರಿಗೆ "ನಂದು ಕರಿ ನಾಕ್ರಿ" ಎಂದು ತಮ್ಮ ಶ್ರುತಿ ಹೇಳಿ, ಚಹಾ ಕುಡಿದು, ಬಣ್ಣಕ್ಕೆ ಕೂಡುತ್ತಿದ್ದರು. ಅಷ್ಟೇ ಅವರ ತಯಾರಿ. ಮೀಸೆ ಅಂಟಿಸಿಕೊಂಡ ನಾಯಕ ಮಾತು ಮರೆತು ಮಿಕಮಿಕ ನೋಡುತ್ತ ನಿಂತರೆ, "ಹಂಗಾದ್ರ ಅಣ್ಣಾ, ಹೊಲ ಮಾರಿದ್ದು ಅವ್ವಗ ಹೇಳಬ್ಯಾಡ ಅಂತೀಯೇನು?" ಎಂದು ಅವನು ಆಡಬೇಕಾದದ್ದನ್ನು ತಾವೇ ಎತ್ತಿಕೊಡುತ್ತಿದ್ದರು. ಮುಂದೆ ಕೂತ ಜನಕ್ಕೆ ಸುಳಿವೂ ಹತ್ತುತ್ತಿರಲಿಲ್ಲ. ಸ್ವಲ್ಪ ಒಡಕು, ಗಡಸು ದನಿ ಅವರದು. ಮೈಕು ಕೆಟ್ಟರೂ ಕಟ್ಟಕಡೆಯ ಸಾಲಿಗೆ ಮುಟ್ಟುತ್ತಿತ್ತು. ಗಂಡ ಎಂದೋ ಬಿಟ್ಟು ಹೋಗಿದ್ದ, ಮಕ್ಕಳಿರಲಿಲ್ಲ. ಆಕೆಗಿದ್ದ ಆಸ್ತಿ ಆ ದನಿಯೊಂದೇ.

ಆ ವರ್ಷ ಬೆಂಗಳೂರಿನ ಸಿನೇಮಾದವರು ನಿಡಗುಂದಿಯ ಹೊಳೆ ದಂಡೆಗೆ ಶೂಟಿಂಗಿಗೆ ಬಂದರು. ಯಾರೋ ಮೌಶಿಯ ಹೆಸರು ಹೇಳಿದರು. ನಾಯಕನ ತಾಯಿಯ ಪಾತ್ರ ಸಿಕ್ಕಿತು. ತಿರುಗಿ ಬಂದಾಗ ಅವರ ಕಾಲು ನೆಲಕ್ಕೆ ಹತ್ತುತ್ತಿರಲಿಲ್ಲ. "ಅಳೂ ಸೀನು ಒಂದ ಸಲಕ್ಕ ಆತ್ರಿ ಅಕ್ಕೋರ, ಕ್ಯಾಮೆರಾದಾವನೂ ಕಣ್ಣ ಒರಸಿಕೊಂಡ" ಎಂದು ವಾಡೆಯ ಮನೆಮನೆಗೆ ಹೋಗಿ ಹೇಳಿದರು.

ಸಿನೇಮಾ ಸಿಂದಗಿಗೆ ಬಂದಾಗ ಮಧ್ಯಾಹ್ನದ ಆಟಕ್ಕೆ ವಾಡೆಯ ಹೆಂಗಸರನ್ನೆಲ್ಲ ಕರೆದುಕೊಂಡು ಹೋದರು. ಇಳಕಲ್ ಸೀರೆ, ಮುಡಿ ತುಂಬ ಮಲ್ಲಿಗೆ. ಪರದೆಯ ಮೇಲೆ ಅವರ ಮುಖ ಬಂದದ್ದೇ ಸೀಟಿಯೋ ಸೀಟಿ. ಆಮೇಲೆ ಆ ಮುಖ ಬಾಯಿ ತೆರೆಯಿತು... ಬಂದದ್ದು ಬೇರೊಬ್ಬಳ ದನಿ. ಸಣ್ಣ, ನಯವಾದ, ಬೆಂಗಳೂರಿನ ಮಾತು. ಮೌಶಿ ಕತ್ತಲಲ್ಲಿ ನನ್ನ ಕೈ ಹಿಡಿದರು. "ಯಾರ್ರೀ ಇಕಿ? ಅಕ್ಕೋರ, ಬಾಯಿ ನಂದು, ಮಾತು ಯಾರದು?" ಮಾತನ್ನು ಆಮೇಲೆ ಬೇರೆಯವರಿಂದ ಆಡಿಸಿ ಕೂಡಿಸುತ್ತಾರೆಂದು ಆಕೆಗೆ ಯಾರೂ ಹೇಳಿರಲಿಲ್ಲ. ಹೇಳಬೇಕೆಂದು ಯಾರಿಗೂ ಅನ್ನಿಸಿಯೂ ಇರಲಿಕ್ಕಿಲ್ಲ.

ಹೊರಗೆ ಬಂದರೆ ಜನ ಮುತ್ತಿದರು. "ಏನ್ ದನಿರಿ ಬಾಯಾರ, ಜೇನು ಸುರಿದಂಗ!" ಅದು ನನ್ನದಲ್ಲ ಎಂದು ಮೌಶಿ ಹೇಳಿಯೇ ಹೇಳಿದರು. "ಬಿಡ್ರಿ, ದೊಡ್ಡವರಾದ್ರೂ ದೊಡ್ಡಸ್ತನ ಇಲ್ಲ ನಿಮಗ" ಎಂದು ಜನ ನಕ್ಕರು.

ಅದರ ಮರುತಿಂಗಳು ಇಂಗಳೇಶ್ವರದ ನಾಟಕಕ್ಕೆ ಹೋದರು. ಊರ ತುಂಬ ಸಿನೇಮಾ ನಟಿ ಬರುತ್ತಾಳೆಂದು ಡಂಗುರ. ಸ್ಟೇಜಿಗೆ ಬಂದು ತಮ್ಮ ದನಿಯಲ್ಲಿ ಮೊದಲ ಮಾತು ಆಡಿದ್ದೇ, "ಇಕಿ ಅಲ್ಲ! ಇಕಿ ಡುಪ್ಲಿಕೇಟ ಅದಾಳ!" ಎಂದು ಗದ್ದಲ ಎದ್ದಿತಂತೆ. ಸಿನೇಮಾದವಳನ್ನು ತೋರಿಸಿ ಅವಳ ಹೋಲಿಕೆಯ ಇನ್ನೊಬ್ಬಳನ್ನು ಕಳಿಸಿದ್ದಾರೆಂದು ಅವರ ಸಿಟ್ಟು. ಮುಂಜಾನೆಯ ಬಸ್ಸಿಗೆ ಬಂದ ಮೌಶಿ ಬಣ್ಣ ಕೂಡ ಪೂರ್ತಿ ತೆಗೆದಿರಲಿಲ್ಲ. "ನಾನ ನಾನಲ್ಲಂತ್ರಿ ಅಕ್ಕೋರ" ಎಂದು ನನ್ನ ಹೊಸ್ತಿಲಲ್ಲಿ ಕುಸಿದು ಕೂತರು. ಆ ಊರಿನವರ ಮೇಲೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ.

ಆ ಸುದ್ದಿ ಊರೂರಿಗೆ ಹರಡಿತು. ಕರೆಯುವವರು ಕಡಿಮೆಯಾದರು. ಕರೆಯಲು ಬಂದವರೂ "ಸಿನೇಮಾದಾಗಿನ ದನಿಲೇ ಮಾತಾಡಬೇಕ್ರಿ" ಎಂದು ಕರಾರು ಹಾಕತೊಡಗಿದರು. ಒಂದು ದಿನ ಮೌಶಿ ನನ್ನ ಮುಂದೆ ಬಂದು ಕೂತು, ಪುಸ್ತಕದ ಕನ್ನಡ ಆಡಲು ಕಲಿಸಿರಿ ಎಂದರು. ನಾನು ಕಲಿಸಿದೆ. ಹೋಗುತ್ತೇನೆ ಎಂದರೆ ಅವರು ಹೊಕ್ಕೇನಿ ಎನ್ನುತ್ತಿದ್ದರು. ಮತ್ತೆ ಹೇಳಿಸುತ್ತಿದ್ದೆ. ಸಿನೇಮಾಕ್ಕೆ ಮೇಲಿಂದ ಮೇಲೆ ಹೋಗಿ ಆ ಕಾಣದ ಹೆಂಗಸಿನ ಮಾತನ್ನು ಬಾಯಿಪಾಠ ಮಾಡಿದರು. ನಸುಕಿನಲ್ಲಿ ಗೋಡೆಯಾಚೆಯಿಂದ ಕೇಳುತ್ತಿತ್ತು... ಗಂಟಲು ಹಿಡಿದು ಹಿಂಡಿದಂಥ ಸಣ್ಣ ದನಿ, ನಡುವೆ ಕೆಮ್ಮು, ಮತ್ತೆ ಅದೇ ಸಣ್ಣ ದನಿ. ಕಿವಿ ಮುಚ್ಚಿಕೊಳ್ಳುವ ಹಾಗಾಗುತ್ತಿತ್ತು. ಬಿಡ್ರಿ ಮೌಶಿ ಎಂದರೆ, "ಬಿಟ್ಟು ಏನ್ ತಿನ್ನಲ್ರಿ?" ಎಂದರು.

ಮಸೂತಿ ಎಂಬ ಊರಿನ ನಾಟಕಕ್ಕೆ ನನ್ನನ್ನೂ ಎಳೆದುಕೊಂಡು ಹೋದರು. "ಮುಂದಿನ ಸಾಲಿನ್ಯಾಗ ಕುಂದರ್ರಿ, ನಿಮ್ಮ ಮಾರಿ ನೋಡಿದ್ರ ಧೈರ್ಯ" ಎಂದರು. ಸಣ್ಣ ದನಿಯಲ್ಲೇ ಶುರು ಮಾಡಿದರು. ಜನ ಚಪ್ಪಾಳೆ ತಟ್ಟಿದರು. ಗೆದ್ದರು ಎಂದುಕೊಂಡೆ. ಎರಡನೆಯ ಅಂಕದಲ್ಲಿ ನಾಯಕ ಮಾತು ಮರೆತ. ಎತ್ತಿಕೊಡ್ರಿ ಮೌಶಿ, ಎತ್ತಿಕೊಡ್ರಿ ಎಂದು ನಾನು ಒಳಗೊಳಗೇ ಬೇಡಿಕೊಂಡೆ. ಅವರು ಬಾಯಿ ತೆರೆದರು. ಆ ಸಣ್ಣ ದನಿಗೆ ಬಾಯಿಪಾಠ ಮಾಡಿದ ಮಾತಲ್ಲದೆ ಬೇರೇನೂ ಬರುತ್ತಿರಲಿಲ್ಲ. ತಮ್ಮದೇ ದನಿಯನ್ನು ಹುಡುಕಿದರು, ಅದು ಗಂಟಲಲ್ಲಿ ಗಾಳಿಯಾಗಿ ಹೊರಬಂತು. ಜನ ಸೀಟಿ ಹೊಡೆದರು, ಒಳಗಿನವರು ಪರದೆ ಎಳೆದರು. ಅಂಥ ಅಸಹಾಯಕ ಮುಖವನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

ಮೌಶಿ ಕೋಣೆ ಬಿಟ್ಟು ಮುದ್ದೇಬಿಹಾಳಕ್ಕೆ ಅಕ್ಕನ ಮನೆಗೆ ಹೋದರು. ಗಂಟಲು ಮತ್ತೆ ಸುಧಾರಿಸಲಿಲ್ಲ. ಕೆಲವು ವರ್ಷಗಳ ಮೇಲೆ ಬಸವನ ಬಾಗೇವಾಡಿಯ ಬಸ್ ನಿಲ್ದಾಣದಲ್ಲಿ ಒಮ್ಮೆ ಸಿಕ್ಕರು. ಮಾತು ಬರೀ ಪಿಸುಗುಟ್ಟಿದಂತೆ. ನನ್ನ ಬಸ್ಸು ಬಂದಾಗ ಕಿವಿಯ ಹತ್ತಿರ ಬಂದು ಕೇಳಿದರು, "ನನ್ನ ದನಿ ನಿಮಗ ನೆನಪೈತೇನ್ರಿ ಅಕ್ಕೋರ?"

"ಐತ್ರಿ ಮೌಶಿ, ಮರೀತೇನೇನು?"

"ಹಂಗಾದ್ರ ಸಾಕ್ರಿ. ಒಬ್ಬರ ಕಿವ್ಯಾಗರ ಇದ್ರ ಸಾಕು" ಎಂದರು. ಮುಂದೆ ಇಂಡಿ ಊರಿನಲ್ಲಿ ಯಾರದೋ ಮನೆಯಲ್ಲಿ ತೀರಿಕೊಂಡರೆಂದು ತಡವಾಗಿ ತಿಳಿಯಿತು...

ಗ್ಯಾದರಿಂಗಿನಿಂದ ಬಂದವಳು ಆ ಸಿನೇಮಾ ಹುಡುಕಿಕೊಡು ಎಂದು ಮೊಮ್ಮಗಳ ಬೆನ್ನು ಹತ್ತಿದೆ. ಮೊಬೈಲಿನಲ್ಲಿ ಸಿಕ್ಕಿತು. ಹೊಳೆ ದಂಡೆಯ ಮೇಲೆ ಮೌಶಿ, ಇನ್ನೂ ನಲವತ್ತು ದಾಟದವರು. ಆ ಪರರ ದನಿ ಬೇಡವೆಂದು ಸದ್ದು ಪೂರ್ತಿ ತೆಗೆಸಿದೆ. ಅವರ ತುಟಿ ಅಲುಗುತ್ತಿತ್ತು. ಈಗ ಮೌಶಿಯ ದನಿಯನ್ನು ನಾನೇ ಕೂಡಿಸಬೇಕು ಎಂದು ಕಣ್ಣು ಮುಚ್ಚಿ, ಇದ್ದ ಬುದ್ಧಿಯನ್ನೆಲ್ಲ ಕಿವಿಗೆ ಕೊಟ್ಟು ಕೂತೆ. ಅಕ್ಕೋರ ಎಂದು ಯಾರೋ ಕರೆದಂತಾಯಿತು. ಸಣ್ಣ, ನಯವಾದ, ಬೆಂಗಳೂರಿನ ದನಿ. ಎಷ್ಟು ಸಲ ಪ್ರಯತ್ನಿಸಿದರೂ ಅದೇ ಬಂತು. ನನ್ನ ಮೌಶಿಯ ದನಿ ನನ್ನ ಹತ್ತಿರವೂ ಉಳಿದಿಲ್ಲ.