ಬಟನ್‌ಗೆ ಸಿಕ್ಕಿಸಿದ ಬೆಂಕಿಕಡ್ಡಿ

ಮಾಕಳಿಯ ನಮ್ಮ ಕಾಲೇಜಿನಲ್ಲಿ ಕನ್ನಡ ಮೇಡಂ ಒಂದು ಪದ್ಧತಿ ತಂದಿದ್ದರು. ಅವರು ಕೊಟ್ಟ ಲೇಖನದ ಜೆರಾಕ್ಸನ್ನು ಎಲ್ಲರೂ ಓದಿಕೊಂಡು ಬರಬೇಕು, ವಾರಕ್ಕೊಬ್ಬರು ಮುಂದೆ ನಿಂತು ಚರ್ಚೆ ನಡೆಸಬೇಕು. ಮೇಡಂ ಹಿಂದಿನ ಬೆಂಚಿನಲ್ಲಿ ಕೂತು ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಒಂದು ವಾರ ನನ್ನ ಸರದಿ ಬಂತು.

ಆ ವಾರದ ಲೇಖನ ಲೋಹದ ತಗಡು ಒತ್ತುವ ಪವರ್ ಪ್ರೆಸ್ಸಿನಲ್ಲಿ ಬೆರಳು ಕಳೆದುಕೊಂಡವರ ಬಗ್ಗೆ. ಆ ಯಂತ್ರಕ್ಕೆ ಎರಡು ಬಟನ್. ಎರಡೂ ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಪ್ರೆಸ್ ಕೆಳಗಿಳಿಯುತ್ತದೆ, ಹಾಗಾಗಿ ಕೈ ಒಳಗೆ ಸಿಗುವುದಿಲ್ಲ. ಕೆಲಸ ಬೇಗ ಆಗಲೆಂದು ಒಂದು ಬಟನ್ ಒತ್ತಿ ಬೆಂಕಿಕಡ್ಡಿ ಸಿಕ್ಕಿಸಿದರೆ ಅದು ಒತ್ತಿದ ಹಾಗೇ ಉಳಿದು ಒಂದು ಕೈ ಬಿಡುವಾಗುತ್ತದೆ. ಪೀಣ್ಯದ ಕಾರ್ಖಾನೆಯಲ್ಲಿ ಇಂಥದ್ದೇ ಪ್ರೆಸ್ ಮೇಲೆ ಕೆಲಸ ಮಾಡುತ್ತಿದ್ದ ಅಪ್ಪ ಊಟಕ್ಕೆ ಕೂತಾಗ ಈ ಜಾಣತನವನ್ನು ಎಷ್ಟೋ ಸಲ ಹೇಳಿ ನಕ್ಕಿದ್ದ.

ಬರೆದುಕೊಂಡು ಹೋಗಿದ್ದ ಮೂರೂ ಪ್ರಶ್ನೆ ಕೇಳಿದೆ. ಯಾರೂ ಬಾಯಿ ಬಿಡಲಿಲ್ಲ. ಆ ಮೌನಕ್ಕೆ ಹೆದರಿ, ನಮ್ಮಪ್ಪನೂ ದಿನಾ ಕಡ್ಡಿ ಸಿಕ್ಕಿಸಿಯೇ ಕೆಲಸ ಮಾಡುವುದು, ಇಷ್ಟು ವರ್ಷ ಏನೂ ಆಗಿಲ್ಲ, ಬರೆದವರು ಸುಮ್ಮನೆ ಹೆದರಿಸುತ್ತಾರೆ ಎಂದುಬಿಟ್ಟೆ. ಬಾಯಿ ನನ್ನದು, ಬುದ್ಧಿ ಯಾರದೋ.

ದಿನವೂ ನನ್ನ ಜೊತೆ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿ ತಲೆ ಎತ್ತದೆ ಹೇಳಿದಳು.

"ನಮ್ಮಪ್ಪನೂ ಹಂಗೇ ಅಂತಿದ್ರು ಕಣೆ. ಈಗ ನಾನೇ ಅನ್ನ ಕಲಸಿ ತಿನ್ನಿಸ್ತೀನಿ."

ಚರ್ಚೆ ಹೇಗೆ ಮುಗಿಯಿತೋ ನೆನಪಿಲ್ಲ. ನೇರ ಪೀಣ್ಯಕ್ಕೆ ಹೋಗಿ ಕಾರ್ಖಾನೆಯ ಗೇಟಿನ ಮುಂದೆ ನಿಂತೆ. ಶಿಫ್ಟ್ ಬಿಡುವ ತನಕ ಯಾರನ್ನೂ ಕರೆಯುವ ಹಾಗಿಲ್ಲ ಎಂದ ಸೆಕ್ಯುರಿಟಿಯವನು. ಒಳಗಿನಿಂದ ಪ್ರೆಸ್ಸಿನ ಧಡ್ ಧಡ್ ಸದ್ದು. ಚಿಕ್ಕಂದಿನಿಂದ ಕೇಳಿದ ಸದ್ದೇ, ಆದರೆ ಅವತ್ತು ಪ್ರತಿ ಏಟನ್ನೂ ಎಣಿಸುತ್ತ ನಿಂತೆ. ನಡುವೆ ಒಮ್ಮೆಲೇ ಸದ್ದು ನಿಂತಿತು. ಗೇಟಿನ ಸರಳು ಹಿಡಿದು ಒಳಗೆ ಇಣುಕಿದೆ. ಆಮೇಲೆ ಜನ ಹೊರಬರತೊಡಗಿದರು, ಶಿಫ್ಟ್ ಬಿಟ್ಟಿತ್ತು.

ಅಪ್ಪ ಬಂದ. ಬಲಗೈ ಪ್ಯಾಂಟಿನ ಜೇಬಿನಲ್ಲಿತ್ತು. ಓಡಿಹೋಗಿ ಹೊರಗೆಳೆದೆ. ಗ್ರೀಸ್ ಮೆತ್ತಿಕೊಂಡು ಐದೂ ಬೆರಳು ಇದ್ದವು. ರಸ್ತೆಯೆಂಬುದನ್ನೂ ಮರೆತು ಅತ್ತುಬಿಟ್ಟೆ.

"ನಾಳಿಂದ ಕಡ್ಡಿ ಹಾಕಬ್ಯಾಡಪ್ಪಾ."

ಅಪ್ಪ ನಗಲಿಲ್ಲ. ಯಾರಾದರೂ ಕೇಳಿಸಿಕೊಂಡರೋ ಎಂದು ಗೇಟಿನ ಕಡೆ ನೋಡಿದ. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿದ.

"ಅದನ್ನ ನಾ ಹಾಕೂದಲ್ಲವ್ವಾ. ಮುಂಜಾನೆ ನಾ ಬರೂದ್ರಾಗ ಸೂಪರ್‌ವೈಸರ್ ಹಾಕಿರ್ತಾನ."

ಮರುದಿನವೂ ಅಪ್ಪ ಊಟದ ಡಬ್ಬಿ ಹಿಡಿದು ಹೊತ್ತಿಗೆ ಸರಿಯಾಗಿ ಹೊರಟ.