ಎಮ್ಮೆಯ ಪೆನ್ ಡ್ರೈವ್

ನನ್ನ ಕಾಕುವಿನ, ಅಂದರೆ ಚಿಕ್ಕಮ್ಮನ, ಮನೆಯಲ್ಲಿ ಒಂದು ಎಮ್ಮೆ ಇದೆ. ಅದರ ಹೆಸರಿನಲ್ಲಿ ಒಂದು ಪೆನ್ ಡ್ರೈವ್ ಇದೆ.

ನಗಬೇಡಿ. ಹೋದ ಭಾನುವಾರ ಆ ಪೆನ್ ಡ್ರೈವ್ ನನ್ನ ಕೈಯಲ್ಲೇ ಹಾಳಾಯಿತು ಎಂದುಕೊಂಡು ಐನಾಪುರದ ತೋಟದ ಮನೆಯ ಶೆಡ್ಡಿನಲ್ಲಿ ಬೆವರುತ್ತಾ ನಿಂತಿದ್ದೆ. ಚಿಕ್ಕೋಡಿಯ ಕಾಲೇಜಿನಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸಿ ಸಂಬಳ ತೆಗೆದುಕೊಳ್ಳುವವಳು ನಾನು. (ನನ್ನ ವಿದ್ಯಾರ್ಥಿಗಳು ಯಾರಾದರೂ ಇದನ್ನು ಓದುತ್ತಿದ್ದರೆ ಇಲ್ಲಿಗೇ ನಿಲ್ಲಿಸಿ ಕ್ರಿಕೆಟ್ ಪುಟಕ್ಕೆ ಹೋಗಬಹುದು.)

ಮೊದಲಿನಿಂದ ಹೇಳುತ್ತೇನೆ.

ಭೂಪಾಲ ಕಾಕಾ, ಅಂದರೆ ನಮ್ಮಪ್ಪನ ತಮ್ಮ, ಈ ಎಮ್ಮೆಯನ್ನು ಗಡಿಯಾಚೆ ಮಹಾರಾಷ್ಟ್ರದ ಜತ್ತದ ಸಂತೆಯಿಂದ ತಂದವನು. ರಾಧಿ ಎಂದು ಹೆಸರಿಟ್ಟ. ಮನೆ ಮಂದಿಯ ಜೊತೆ ಜೀವನಪೂರ್ತಿ ಕನ್ನಡದಲ್ಲೇ ಮಾತಾಡಿದ ಮನುಷ್ಯ, ರಾಧಿಯ ಜೊತೆ ಮಾತ್ರ ಮರಾಠಿ. ಯಾಕೆ ಎಂದು ಕೇಳಿದರೆ, ಅದು ತವರಿನಲ್ಲಿ ಕೇಳಿ ಬೆಳೆದ ಮಾತು, ಬೇರೆ ಮಾತಾಡಿದರೆ ಹಾಲು ಇಳಿಸುವುದಿಲ್ಲ ಎನ್ನುತ್ತಿದ್ದ. ಸೊಸೆಯಾಗಿ ಬಂದವಳ ತವರಿನ ಬಗ್ಗೆ ಇಷ್ಟು ಕಾಳಜಿ ಎಷ್ಟು ಮನೆಗಳಲ್ಲಿದೆ ಹೇಳಿ?

ಹಾಲು ಹಿಂಡುವಾಗ ಅವನ ಬಾಯಿ ಸುಮ್ಮನಿರುತ್ತಿರಲಿಲ್ಲ. "ಶಾಣಿ ಗ ಮಾಝಿ ಬಾಯಿ, ಉಭೀ ರಾಹಾ" (ಜಾಣೆ ನನ್ನವ್ವ, ಸುಮ್ಮನೆ ನಿಂತುಕೋ) ಎಂದು ಶುರು ಮಾಡಿದನೆಂದರೆ, ಕಬ್ಬು ಕಡಿಯುವ ಗ್ಯಾಂಗಿನ ಸುದ್ದಿ, ಕಾರ್ಖಾನೆಯ ಸುದ್ದಿ, ಹೊಳೆಯ ನೀರಿನ ಸುದ್ದಿ, ಎಲ್ಲವನ್ನೂ ಎಮ್ಮೆಗೆ ಒಪ್ಪಿಸುತ್ತಿದ್ದ. ಮನೆಯವರಿಗೆ ಹೇಳದ ಎಷ್ಟೋ ಸುದ್ದಿ ರಾಧಿಗೆ ಗೊತ್ತಿರುತ್ತಿತ್ತು. ಬೇಕಾದವರು ಶೆಡ್ಡಿನ ಹೊರಗೆ ನಿಂತು ಕೇಳಿಸಿಕೊಳ್ಳಬೇಕು.

ಹೋದ ವರ್ಷ ಕಾಕಾನನ್ನು ಆಪರೇಶನ್ನಿಗೆಂದು ಮಿರಜಕ್ಕೆ ಕರೆದುಕೊಂಡು ಹೋಗಬೇಕಾಯಿತು. ಅವನಿಗೆ ಆಪರೇಶನ್ನಿನ ಚಿಂತೆ ಇರಲಿಲ್ಲ, ಎಮ್ಮೆಯ ಚಿಂತೆ. ಹೊರಡುವ ಹಿಂದಿನ ಸಂಜೆ ಫೋನನ್ನು ಶೆಡ್ಡಿನ ಗೂಟಕ್ಕೆ ಸಿಕ್ಕಿಸಿ, ಹಾಲು ಹಿಂಡುತ್ತಾ ತನ್ನ ಮಾತನ್ನೆಲ್ಲ ರೆಕಾರ್ಡ್ ಮಾಡಿದ. ಮಗ ಸನ್ಮತಿಗೆ ಹೇಳಿ ಅದನ್ನು ಪೆನ್ ಡ್ರೈವಿಗೆ ಹಾಕಿಸಿದ. ಶೆಡ್ಡಿನಲ್ಲೊಂದು ಹಳೆಯ ಸ್ಪೀಕರ್ ಇದೆ, ಹಿಂದೆ ಕಬ್ಬಿನ ಟ್ರ್ಯಾಕ್ಟರಿನಲ್ಲಿ ಹಾಡು ಹಾಡಿ ನಿವೃತ್ತಿಯಾದದ್ದು. ಅದಕ್ಕೆ ಆ ಪೆನ್ ಡ್ರೈವ್ ಚುಚ್ಚಿ, ತಾನು ಬರುವವರೆಗೆ ಇದನ್ನು ಹಚ್ಚಿ ಹಾಲು ಹಿಂಡು ಎಂದು ಕಾಕುವಿಗೆ ಹೇಳಿ ಹೋದ.

ಬರಲಿಲ್ಲ.

ಅಂದಿನಿಂದ ಕಾಕು ಎರಡೂ ಹೊತ್ತು ಅದನ್ನು ಹಚ್ಚಿಯೇ ಹಾಲು ಹಿಂಡುತ್ತಾಳೆ. ಯಾಕೆ ಕಾಕು ಎಂದು ಕೇಳಿದರೆ ಒಂದೇ ಉತ್ತರ, ಎಮ್ಮೆ ಕೇಳುವುದಿಲ್ಲ. ಕಾಕಾನ ಫೋನು ಆಮೇಲೆ ನೀರಿನ ಟಾಕಿಯಲ್ಲಿ ಬಿದ್ದು ಕೆಟ್ಟಿತು. ಅಂದರೆ ಆ ದನಿ ಉಳಿದದ್ದು ಆ ಪೆನ್ ಡ್ರೈವಿನಲ್ಲಿ ಮಾತ್ರ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಭಾನುವಾರ ನಾನು ಮಾಡಿದ್ದೇನು?

ನಿಪ್ಪಾಣಿಯಲ್ಲಿ ಕಾಕುವಿನ ಮೊಮ್ಮಗಳ, ಅಂದರೆ ಮಗಳ ಮಗಳ, ಮದುವೆಯಾಗಿತ್ತು. ಮದುವೆಯ ವಿಡಿಯೋ ಚಿಕ್ಕೋಡಿಯ ಸ್ಟುಡಿಯೋದಲ್ಲಿ ತಯಾರಾಗಿತ್ತು. ಅದನ್ನು ನನ್ನ ಲ್ಯಾಪ್‌ಟಾಪಿಗೆ ಹಾಕಿಸಿಕೊಂಡು ಐನಾಪುರಕ್ಕೆ ಹೋದೆ. ಮಧ್ಯಾಹ್ನದ ಊಟಕ್ಕೆ ಬಿಸಿ ರೊಟ್ಟಿ, ಬದನೆಕಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. (ಮೊಸರು ರಾಧಿಯ ಕೃಪೆ.) ಊಟವಾದ ಮೇಲೆ ಎಲ್ಲರೂ ಟಿವಿಯ ಮುಂದೆ ಕುಳಿತರು. ವಿಡಿಯೋ ಯಾವುದರಲ್ಲಿ ಹಾಕಿಕೊಡಲಿ ಎಂದು ಕೇಳಿದೆ. ಕಾಕು ಶೆಡ್ಡಿಗೆ ಹೋಗಿ ಸ್ಪೀಕರಿನಿಂದ ಪೆನ್ ಡ್ರೈವ್ ಕಿತ್ತು, ಸೆರಗಿನಿಂದ ಒರೆಸಿ ತಂದುಕೊಟ್ಟಳು. ಮನೆಯಲ್ಲಿ ಇರುವುದು ಇದೊಂದೇ, ಇದರಲ್ಲೇ ಹಾಕು, ಜಾಗ ಇದೆಯಂತಲ್ಲ ಎಂದಳು.

ಜಾಗ ಇತ್ತು. ಆದರೆ ವಿಡಿಯೋ ಒಳಗೆ ಹೋಗಲೊಲ್ಲದು. "ಫೈಲ್ ಬಹಳ ದೊಡ್ಡದು" ಎಂದು ಲ್ಯಾಪ್‌ಟಾಪ್ ತಕರಾರು ಮಾಡಿತು.

ಇದಕ್ಕೆ ಕಾರಣ ನನಗೆ ಗೊತ್ತು. ಹಳೆಯ ಪೆನ್ ಡ್ರೈವುಗಳಲ್ಲಿ ಫ್ಯಾಟ್ ಥರ್ಟಿಟೂ ಎಂಬ ಪದ್ಧತಿ ಇರುತ್ತದೆ. ಕಪಾಟಿನಲ್ಲಿ ಜಾಗ ಬೇಕಾದಷ್ಟು, ಆದರೆ ಖಾನೆಗಳು ಗಿಡ್ಡ, ದೊಡ್ಡ ಕೊಡ ಒಳಗೆ ಕೂರುವುದಿಲ್ಲ. ಅದನ್ನು ಎನ್‌ಟಿಎಫ್‌ಎಸ್ ಎಂಬ ಹೊಸ ಪದ್ಧತಿಗೆ ಬದಲಾಯಿಸಿದರೆ ದೊಡ್ಡ ಫೈಲೂ ಕೂರುತ್ತದೆ. ಒಂದೇ ಸಾಲಿನ ಕಮಾಂಡ್. ಒಳಗಿರುವ ಯಾವುದೂ ಅಳಿಸುವುದಿಲ್ಲ.

"ಆದರೂ ಬದಲಾಯಿಸುವ ಮುನ್ನ ಬ್ಯಾಕಪ್ ತೆಗೆದುಕೊಳ್ಳಬೇಕು." ಪ್ರತಿ ವರ್ಷ ಪರೀಕ್ಷೆಯಲ್ಲಿ ಈ ವಾಕ್ಯ ಬರೆಯದವರ ಮಾರ್ಕ್ಸ್ ಕತ್ತರಿಸುವವಳು ನಾನೇ. ಭಾನುವಾರ ನಾನು ತೆಗೆದುಕೊಂಡೆನೆ? ಇಲ್ಲ. ಎಲ್ಲರೂ ಮದುಮಗಳನ್ನು ನೋಡಲು ಕಾಯುತ್ತಿದ್ದರು. ಐದು ನಿಮಿಷದ ಕೆಲಸ ಎಂದೆ. ನನ್ನದೇ ಇನ್ನೊಂದು ಪೆನ್ ಡ್ರೈವ್ ಬ್ಯಾಗಿನಲ್ಲಿತ್ತು, ಅದನ್ನು ಕೊಟ್ಟಿದ್ದರೂ ಮುಗಿಯುತ್ತಿತ್ತು. ಆದರೆ ಬಳಗದ ಮುಂದೆ ಜಾಣತನ ತೋರಿಸುವ ಚಾನ್ಸ್ ಯಾರು ಬಿಡುತ್ತಾರೆ?

ಕಮಾಂಡ್ ಕೊಟ್ಟೆ. ಬದಲಾಯಿತು. ವಿಡಿಯೋ ಕೂತಿತು. ಟಿವಿಯಲ್ಲಿ ಮೊಮ್ಮಗಳು ಅಕ್ಷತೆಯ ಕೆಳಗೆ ತಲೆ ತಗ್ಗಿಸಿದಾಗ ಕಾಕು ಕಣ್ಣೊರೆಸಿಕೊಂಡಳು. ನಾನು ಕಾಲು ಚಾಚಿ ಚಹಾ ಕುಡಿದೆ.

ಸಂಜೆ ಹಾಲಿನ ಹೊತ್ತಾಯಿತು. ಕಾಕು ಪೆನ್ ಡ್ರೈವನ್ನು ಶೆಡ್ಡಿನ ಸ್ಪೀಕರಿಗೆ ಹಾಕಿದಳು. ಕೆಂಪು ದೀಪ ಒಂದೆರಡು ಸಲ ಮಿಣುಕಿ ಆರಿತು. ತೆಗೆದು ಹಾಕಿದಳು. ಆರಿತು. ಇನ್ನೊಮ್ಮೆ ಒರೆಸಿ ಹಾಕಿದಳು. ರಾಧಿ ಹಿಂಡಿ ತಿನ್ನುವುದನ್ನು ಬಿಟ್ಟು ತಿರುಗಿ ನೋಡಿತು. (ಹಾಗೆ ನನಗನ್ನಿಸಿತು. ತಪ್ಪು ಮಾಡಿದವರಿಗೆ ಎಮ್ಮೆ ಕೂಡ ದಿಟ್ಟಿಸಿದಂತೆ ಕಾಣುತ್ತದೆ.)

ಕಾಕು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಹೋತೇನ ಸುಮಾ?" ಎಂದಳು, ಅಷ್ಟೇ.

ನನಗೆ ಆಗ ಹೊಳೆಯಿತು. ಸ್ಪೀಕರ್ ಹಳೆಯದು. ಅದಕ್ಕೆ ಹಳೆಯ ಪದ್ಧತಿ ಬಿಟ್ಟರೆ ಬೇರೆ ಓದಲು ಬರುವುದಿಲ್ಲ. ತವರಿನ ಮಾತೊಂದೇ ತಿಳಿಯುವ ಎಮ್ಮೆಯ ಶೆಡ್ಡಿಗೆ ತಕ್ಕ ಸ್ಪೀಕರ್. ಓಡಿಹೋಗಿ ಲ್ಯಾಪ್‌ಟಾಪಿಗೆ ಹಾಕಿ ನೋಡಿದೆ. ಕಾಕಾನ ಫೈಲು ಇತ್ತು. ನನ್ನ ಜೀವ ತಿರುಗಿ ಬಂತು.

ಆದರೆ ಕೆಲಸ ಮುಗಿದಿರಲಿಲ್ಲ. ಹಳೆಯದರಿಂದ ಹೊಸದಕ್ಕೆ ಬರಲು ಒಂದು ಕಮಾಂಡ್ ಸಾಕು. ಹೊಸದರಿಂದ ಹಳೆಯದಕ್ಕೆ ಮರಳಲು ಅಂಥ ದಾರಿ ಇಲ್ಲ. ಪೆನ್ ಡ್ರೈವನ್ನು ಪೂರ್ತಿ ಅಳಿಸಿ, ಹೊಸದಾಗಿ ಹಳೆಯ ಪದ್ಧತಿಗೆ ತಂದು, ಆಮೇಲೆ ಎಲ್ಲವನ್ನೂ ವಾಪಸ್ ತುಂಬಬೇಕು. ಇದನ್ನು ಕಾಕುವಿಗೆ ಹೇಗೆ ಹೇಳುವುದು? ನಿನ್ನ ಗಂಡನ ದನಿ ಉಳಿಯಬೇಕಾದರೆ ಒಮ್ಮೆ ಅದನ್ನು ಅಳಿಸಬೇಕು ಎಂದು?

ಹೇಳಿದೆ. ಕಾಕು ಪೆನ್ ಡ್ರೈವನ್ನು ಮುಷ್ಟಿಯಲ್ಲಿ ಹಿಡಿದು ಕುಳಿತುಬಿಟ್ಟಳು. ಅದು ಅವರು ಸ್ವತಃ ತುಂಬಿಸಿ ಇಟ್ಟು ಹೋದದ್ದು, ಅಳಿಸುವುದು ಬೇಡ ಎಂದಳು. ಹಾಗೆಯೇ ಇಟ್ಟರೆ ಶೆಡ್ಡಿನಲ್ಲಿ ಕೇಳಿಸುವುದಿಲ್ಲವಲ್ಲ ಎಂದೆ. ಹೊತ್ತು ಇಳಿಯುತ್ತಿತ್ತು. ನಮ್ಮದು ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಅವಳು ಊಟ ಮಾಡುವವಳಲ್ಲ, ಹಾಲು ಹಿಂಡದೆ ಊಟಕ್ಕೆ ಏಳುವವಳೂ ಅಲ್ಲ.

ನೀರು ಕುಡಿಯಲು ಒಳಗೆ ಹೋದೆ. ಸನ್ಮತಿಯ ಹೆಂಡತಿ ತ್ರಿಶಲಾ ಅಡುಗೆ ಮನೆಯಲ್ಲಿದ್ದಳು. ಇವತ್ತು ಎಮ್ಮೆ ಹಾಲು ಕೊಡುವುದಿಲ್ಲವೇನೋ, ಎಲ್ಲ ನನ್ನಿಂದಲೇ ಆಯಿತು ಎಂದೆ. ಅವಳು ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು.

"ಅಕ್ಕಾರ, ಅತ್ತ್ಯಾರು ಯಾತ್ರಾಕ ಹೋದಾಗ ನಾನ ಹಿಂಡೇನ್ರಿ. ಏನೂ ಹಚ್ಚಿಲ್ಲ. ಕನ್ನಡದಾಗ ಬೈಕೋತ ಹಿಂಡೇನಿ. ಬಕೀಟ ತುಂಬ ಕೊಟ್ಟೈತಿ."

ಹಾಗಾದರೆ ಇದನ್ನು ಅತ್ತೆಗೆ ಹೇಳಲಿಲ್ಲವೇ ಎಂದು ಕೇಳಿದೆ. ಹೇಗೆ ಹೇಳುವುದು ಎಂದಳು. ಮಾವನ ಮಾತು ಕೇಳಿಸದೆ ಎಮ್ಮೆ ಕಡಿಮೆ ಕೊಟ್ಟಿತು ಎಂದೇ ಹೇಳಿದ್ದಳಂತೆ. ಉಳಿದ ಹಾಲನ್ನು ಏನು ಮಾಡಿದೆ? ದಿನಾ ಬಾಸುಂದಿ ಮಾಡಿ ಗಂಡ ಹೆಂಡತಿ ಮಕ್ಕಳು ತಿಂದು ಪಾತ್ರೆ ತೊಳೆದಿಟ್ಟರಂತೆ. ಅತ್ತೆ ಬರುವಷ್ಟರಲ್ಲಿ ಎಲ್ಲರೂ ದುಂಡಗಾಗಿದ್ದರಂತೆ.

ಆ ಹುಡುಗಿಯ ಮೇಲೆ ನನಗೆ ಎಂಥ ಪ್ರೀತಿ ಬಂತೆಂದರೆ, ಅಲ್ಲೇ ಅಪ್ಪಿಕೊಂಡುಬಿಟ್ಟೆ. ಅತ್ತೆ ಸೊಸೆ ಎಂದರೆ ಜಗಳ ಮಾತ್ರ ತೋರಿಸುವ ಧಾರಾವಾಹಿಗಳ ಮಂದಿ ಯಾಕೆ ಈ ಕಡೆ ಬರುವುದಿಲ್ಲ?

ಹೊರಗೆ ಬಂದು ಕಾಕುವಿನ ಪಕ್ಕ ಕುಳಿತೆ. ಪೆನ್ ಡ್ರೈವ್ ಕೇಳಿ ತೆಗೆದುಕೊಂಡೆ. ಮೊದಲು ಎಲ್ಲವನ್ನೂ ಲ್ಯಾಪ್‌ಟಾಪಿಗೆ ಕಾಪಿ ಮಾಡಿದೆ. ಅಲ್ಲಿಂದ ನನ್ನ ಫೋನಿಗೆ. ಅಲ್ಲಿಂದ ಸನ್ಮತಿಯ ಫೋನಿಗೆ. ಮಧ್ಯಾಹ್ನವೇ ಮಾಡಬೇಕಿದ್ದ ಕೆಲಸ. ಆಮೇಲೆ ಪೆನ್ ಡ್ರೈವನ್ನು ಹೊರಗೆ ತೆಗೆದು ಕಾಕುವಿನ ಕೈಗೇ ಕೊಟ್ಟು ಹೇಳಿದೆ, ಈಗ ಇದು ನಿನ್ನ ಹತ್ತಿರ ಇರಲಿ, ಲ್ಯಾಪ್‌ಟಾಪಿನಲ್ಲಿ ಇರುವುದನ್ನು ಹಚ್ಚುತ್ತೇನೆ, ನೀನು ಪೂರ್ತಿ ಕೇಳಿ ಸರಿ ಎಂದ ಮೇಲೆಯೇ ಅಳಿಸುತ್ತೇನೆ.

ಕಾಪಿ ಮಾಡಿದ್ದನ್ನು ತೆರೆದು ನೋಡದೆ ನಂಬಬಾರದು. ಇದೂ ನಾನು ಕಲಿಸುವ ಪಾಠವೇ. ಆದರೆ ಕಟ್ಟೆಯ ಮೇಲೆ ಕುಳಿತು, ಪೂರ್ತಿ, ಒಬ್ಬರ ಪಕ್ಕ ಒಬ್ಬರು ಕೇಳಿದ್ದು ನನಗೆ ಇದೇ ಮೊದಲು.

"ಶಾಣಿ ಗ ಮಾಝಿ ಬಾಯಿ..." ಕಾಕಾ ಶುರು ಮಾಡಿದ. ಹಾಲಿನ ಧಾರೆ ಬಕೆಟ್ಟಿನ ತಳಕ್ಕೆ ಬೀಳುವ ಸದ್ದು. ನಾಳೆ ಮಿರಜಕ್ಕೆ ಹೋಗುತ್ತೇನೆ, ಹಟ ಮಾಡಬೇಡ, ಮನೆಯವಳು ಹಿಂಡುತ್ತಾಳೆ, ಅವಳ ಕೈ ಗಟ್ಟಿ ಆದರೆ ಮನಸ್ಸು ಮೆತ್ತಗೆ ಎಂದು ಎಮ್ಮೆಗೆ ಮರಾಠಿಯಲ್ಲಿ ಸಮಾಧಾನ ಹೇಳುತ್ತಿದ್ದ. ಕಾಕು ನೆಲ ನೋಡುತ್ತಾ ಕೇಳುತ್ತಿದ್ದಳು. ಎಲ್ಲ ಮುಗಿಯುತ್ತಾ ಬಂದಾಗ ಕಾಕಾ ದನಿ ಏರಿಸಿದ. ಈಗ ಕನ್ನಡ.

"ಏ, ಎಲ್ಲಿ ಹೋದಿ? ಇನ್ನೊಂದ ಬಕೀಟ ತಾ."

"ತಂದ್ನಿ, ತಡೀರಿ," ಎಂದಳು ಕಾಕು.

ಲ್ಯಾಪ್‌ಟಾಪಿನ ಮುಂದೆ ಕುಳಿತು ಅಂದಳು. ಅಂದದ್ದು ಅವಳಿಗೆ ಗೊತ್ತಾಗಲಿಲ್ಲ ಎಂದು ಕಾಣುತ್ತದೆ. ರೆಕಾರ್ಡ್ ಅಲ್ಲಿಗೇ ಮುಗಿಯುತ್ತದೆ. ಆ ದಿನ ಅವಳು ಕೊಟ್ಟ ಉತ್ತರ ಅದರಲ್ಲಿ ಇಲ್ಲ. ಅವಳು ಬರುವ ಮುನ್ನವೇ ಕಾಕಾ ಫೋನು ಬಂದ್ ಮಾಡಿದ್ದ. ನಾನು ಲ್ಯಾಪ್‌ಟಾಪಿನ ಕಡೆ ಬಾಗಿ ಏನೋ ಹುಡುಕುವಂತೆ ನಟಿಸಿದೆ.

ಎಮ್ಮೆಗಾಗಿ ಮಾಡಿದ ರೆಕಾರ್ಡ್ ಅದು. ಅದರಲ್ಲಿ ಕಾಕುವಿಗೆಂದು ಇರುವುದು ಕೊನೆಯ ಆ ಒಂದು ಕೂಗು ಮಾತ್ರ. ಅದಕ್ಕಾಗಿ ಅವಳು ಅಷ್ಟೂ ಮರಾಠಿಯನ್ನು ಎರಡೂ ಹೊತ್ತು ಕೇಳುತ್ತಾಳೆ.

ಕಾಕು ಪೆನ್ ಡ್ರೈವ್ ನನ್ನ ಕೈಗಿಟ್ಟಳು. "ಅಳಸಿದ ಮ್ಯಾಲ ತಿರಗಿ ಬರೂದು ಅವರ ದನೀನ ಹೌದಲ್ಲ?"

"ಅವರದ ಕಾಕು. ಒಂದ ಅಕ್ಷರ ಹೆಚ್ಚ ಕಡಿಮಿ ಆಗೂದಿಲ್ಲ," ಎಂದೆ.

ಅಳಿಸಿದೆ. ಬಟನ್ ಒತ್ತುವಾಗ ಕಾಕು ಬೇರೆ ಕಡೆ ಮುಖ ಮಾಡಿದಳು. ಹಳೆಯ ಪದ್ಧತಿಗೆ ತಂದು ಎಲ್ಲವನ್ನೂ ವಾಪಸ್ ತುಂಬಿದೆ, ಮದುವೆಯ ವಿಡಿಯೋ ಒಂದನ್ನು ಬಿಟ್ಟು. ಅದನ್ನು ನನ್ನ ಬ್ಯಾಗಿನಲ್ಲಿದ್ದ ಪೆನ್ ಡ್ರೈವಿನಲ್ಲಿ ಹಾಕಿ ಟಿವಿಯ ಪಕ್ಕ ಇಟ್ಟೆ.

ಶೆಡ್ಡಿನಲ್ಲಿ ಕೆಂಪು ದೀಪ ಮಿಣುಕಿತು, ಆರಲಿಲ್ಲ. ಕಾಕಾ ಮಾತಾಡಿದ. ರಾಧಿ ಹಾಲು ಕೊಟ್ಟಿತು. (ಅದು ಹೇಗಿದ್ದರೂ ಕೊಡುತ್ತಿತ್ತು ಎಂಬುದನ್ನು ನೀವು ಐನಾಪುರದ ಕಡೆ ಹೋದರೆ ಯಾರಿಗೂ ಹೇಳಬೇಡಿ.) ನಾನು, ತ್ರಿಶಲಾ ಬಾಗಿಲಲ್ಲಿ ನಿಂತಿದ್ದೆವು. ಮೇಲಿನ ಕಬ್ಬಿನ ಹೊಲದ ಕಡೆ ಬಿಸಿಲು ಇನ್ನೂ ಸ್ವಲ್ಪ ಉಳಿದಿತ್ತು, ಕಾಕುವಿನ ಊಟಕ್ಕೆ ಸಾಕಾಗುವಷ್ಟು.

"ಏ, ಎಲ್ಲಿ ಹೋದಿ? ಇನ್ನೊಂದ ಬಕೀಟ ತಾ," ಎಂದು ಸ್ಪೀಕರ್ ಕೂಗಿತು. ಎರಡನೆಯ ಬಕೆಟ್ಟು ಕಾಕುವಿನ ಮಗ್ಗುಲಲ್ಲೇ ತೊಳೆದು ಸಿದ್ಧವಾಗಿತ್ತು. ಮೊದಲಿನಿಂದಲೂ ಅಲ್ಲೇ ಇಟ್ಟುಕೊಂಡಿರುತ್ತಾಳೆ.

"ತಂದ್ನಿ, ತಡೀರಿ."

ತ್ರಿಶಲಾ ನನ್ನ ಕೈ ಹಿಡಿದುಕೊಂಡಳು. ಚಿಕ್ಕೋಡಿಗೆ ಬರುವ ಬಸ್ಸಿನಲ್ಲಿ ಕುಳಿತಾಗ ಕಾಕಾನ ಫೈಲನ್ನು ಇಂಟರ್ನೆಟ್ಟಿನಲ್ಲೂ ಒಂದು ಕಡೆ ಏರಿಸಿದೆ. ಇನ್ನು ಟಾಕಿಯಲ್ಲಿ ಬಿದ್ದರೂ, ನನ್ನಂಥ ಜಾಣೆಯ ಕೈಗೆ ಸಿಕ್ಕರೂ ಅದು ಕಳೆಯುವುದಿಲ್ಲ. ನೆಮ್ಮದಿಯಾಗಿ ಕಣ್ಣು ಮುಚ್ಚಿದೆ. ಮುಚ್ಚಿದ ಮೇಲೆ ಹೊಳೆಯಿತು.

ಕಾಕಾನ ಕೂಗಿಗೆ ಈಗ ಎಲ್ಲ ಕಡೆ ಬ್ಯಾಕಪ್ ಇದೆ. ಕಾಕುವಿನ ಉತ್ತರಕ್ಕೆ?